ಹುಟ್ಟದವರ ಮಣೆ

ಮೂರು ಊರುಗಳ ನಡುವೆ ಒಂದು ಬಯಲಿತ್ತು. ಬೆಳಗ್ಗೆ ಮುದುಕರು ಅಲ್ಲಿ ಅಡ್ಡಾಡುತ್ತಿದ್ದರು. ಸಂಜೆ ಮಕ್ಕಳು ಚಿನ್ನಿದಾಂಡು ಆಡುತ್ತಿದ್ದರು. ಗುಡ್ಡಕ್ಕೆ ಹೋಗುವ ಕಾಲುದಾರಿಯೂ ಅದರ ಮೇಲೇ ಹಾದುಹೋಗಿತ್ತು. ಬಯಲು ಯಾರೊಬ್ಬರದೂ ಅಲ್ಲ, ಮೂರೂ ಊರಿನದು.

ಆ ಊರುಗಳಲ್ಲಿ ಒಂದು ಪದ್ಧತಿಯಿತ್ತು. ಎಲ್ಲರಿಗೂ ಸೇರಿದ ಜಾಗದ ಮಾತು ಬಂದರೆ ಸಭೆಯಲ್ಲಿ ಒಂದು ಮಣೆ ಖಾಲಿ ಇಡಬೇಕು. ಅದು ಇನ್ನೂ ಹುಟ್ಟದವರ ಮಣೆ. ಜಾಗ ಕೇಳಿದವನು ಮೊದಲು ಅದರ ಮೇಲೆ ಕೂತು, ಮುಂದೆಂದೋ ಹುಟ್ಟುವ ಮಗುವಿನ ಪರವಾಗಿ ಮಾತಾಡಬೇಕು. ಆದರೆ ಬಹಳ ಕಾಲದಿಂದ ಯಾರೂ ಜಾಗ ಕೇಳಿರಲಿಲ್ಲ. ಖಾಲಿ ಮಣೆ ಕಂಡರೆ ನಮ್ಮ ಜನ ಬಿಡುತ್ತಾರೆಯೇ? ಅದರ ಮೇಲೆ ಎಲೆಯಡಿಕೆ ತಟ್ಟೆ ಇಡತೊಡಗಿದ್ದರು. ಪದ್ಧತಿ ಮರೆತೇಹೋಗಿತ್ತು.

ಹೀಗಿರುವಾಗ ಗಾಣದ ಚನ್ನಮಲ್ಲಪ್ಪ ಸಭೆ ಕರೆಸಿ, ಗಾಣ ಹಾಕಲು ಬಯಲನ್ನು ಕೇಳಿದ. ಅವನ ಕಷ್ಟ ಸುಳ್ಳಲ್ಲ. ಗಾಣದ ಮನೆ ಇಕ್ಕಟ್ಟು. ಎತ್ತು ಸುತ್ತುವಾಗ ಪಕ್ಕೆ ಗೋಡೆಗೆ ತರಚುತ್ತಿತ್ತು. ಗಾಯಕ್ಕೆ ಅರಿಸಿನ ಹಚ್ಚಿ ಹಚ್ಚಿ ಅವನಿಗೂ ಸಾಕಾಗಿತ್ತು. ಹಿರಿಯರು ಪಾಪ ಎಂದು ತಲೆಯಾಡಿಸಿದರು. ಇನ್ನೇನು ಬಯಲು ಕೈತಪ್ಪಿತು ಎನ್ನುವಾಗ ಸೂಲಗಿತ್ತಿ ನೀಲಗಂಗವ್ವ ಎದ್ದು ಬಂದು, ಮಣೆಯ ಮೇಲಿದ್ದ ತಟ್ಟೆಯನ್ನು ನೆಲಕ್ಕಿಟ್ಟಳು.

"ಮೊದ್ಲ ಇಲ್ಲಿ ಕೂಡಪ್ಪಾ. ಇದು ಹುಟ್ಟದವರ ಮಣಿ, ಮುಂದ ಹುಟ್ಟೋ ಕೂಸಿನ ಪರವಾಗಿ ಮಾತಾಡು," ಅಂದಳು.

ಚನ್ನಮಲ್ಲಪ್ಪ ನಗುತ್ತಾ ಕೂತ. "ನಾ ಇನ್ನೂ ಹುಟ್ಟದ ಕೂಸು. ನನಗ ಎಣ್ಣಿ ಬೇಕ್ರೆಪ್ಪಾ, ಎಣ್ಣಿ!" ಸಭೆ ಗೊಳ್ಳೆಂದಿತು.

"ಆತು, ಎಣ್ಣಿ ಹಚ್ಚಿ ಎರದ್ವಿ. ಆಮ್ಯಾಲ ಆಡಾಕ ಎಲ್ಲಿ ಹೋಗ್ತಿ?" ಎಂದಳು ನೀಲಗಂಗವ್ವ.

"ಓಣ್ಯಾಗ."

"ಬಂಡಿ ಬರ್ತಾವ."

"ಗುಡ್ಡಕ್ಕ."

"ದಾರಿ ಮ್ಯಾಲ ಗಾಣ ಕುಂತೈತಲ್ಲ."

ಅವನ ನಗು ನಿಂತಿತು. ಅವನೂ ಚಿನ್ನಿದಾಂಡು ಕಲಿತದ್ದು ಅದೇ ಬಯಲಿನಲ್ಲಿ. ಅತ್ತ ತಿರುಗಿ ನೋಡಿ, ಕೈ ಮುಗಿದು ಹೇಳಿದ: "ಹಿರಿಯಾರ, ಈ ಕೂಸಿನ ಮಾತ ಕೇಳ್ರಿ. ಬಯಲು ಆ ಚನ್ನಮಲ್ಲಪ್ಪಗ ಕೊಡಬ್ಯಾಡ್ರಿ."

ಈ ಸಲ ಯಾರೂ ನಗಲಿಲ್ಲ. ಅವನು ಎದ್ದು ತನ್ನ ಜಾಗಕ್ಕೆ ಬಂದು ಕೂತ. "ಈಗ ಗಾಣದಾಂವ ಕೇಳ್ತೇನಿ. ನನ್ನ ಎತ್ತಿನ ಗತಿ ಏನ್ರಿ?"

ನ್ಯಾಯದ ಪ್ರಶ್ನೆಯೇ. ಕೆರೆಯ ಹಿಂದೆ ಪಾಳು ಜಾಗವಿತ್ತು; ಗಾಣಕ್ಕೆ ಅದನ್ನು ಕೊಡುತ್ತೇವೆ ಎಂದರು ಹಿರಿಯರು. ತುಸು ದೂರವೇ, ಆದರೂ ಅವನು ಒಪ್ಪಿಕೊಂಡ. ಎದ್ದು ಹೋಗುವ ಮೊದಲು ಮೂರೂ ಊರಿನವರು ಇನ್ನೂ ಕೆಲವು ಮಾತು ನಿಶ್ಚಯಿಸಿದರು. ಬಯಲನ್ನು ಯಾರಿಗೂ ಕೊಡಬಾರದು. ಹೊಸ ಮನೆಗಳು ಅದರತ್ತ ಬೆಳೆಯಬಾರದು. ಗುಡ್ಡದವರೆಗೂ ದಾರಿಯ ಪಕ್ಕ ಬೇವು ನೆಡಬೇಕು.

ವರ್ಷಗಳು ಕಳೆದವು. ಮುದುಕನಾದ ಚನ್ನಮಲ್ಲಪ್ಪ ಒಂದು ಸಂಜೆ ಬೇವಿನ ನೆರಳಲ್ಲಿ ಹಾಯಾಗಿ ಕೂತಿದ್ದ. ಎಲ್ಲಿಂದಲೋ ಚಿನ್ನಿ ಹಾರಿಬಂದು ಅವನ ರುಮಾಲಿಗೆ ಬಡಿಯಿತು.

"ಯಾವನಲೇ ಅಂವ?" ಎಂದು ಗದರಿದ.

"ನಾನ, ಅಜ್ಜಾ!" ಎನ್ನುತ್ತಾ ಮೊಮ್ಮಗಳು ಓಡಿಬಂದಳು.

ಅಂದು ಮಣೆಯ ಮೇಲೆ ಕೂತು ತಾನು ಮಾತಾಡಿದ್ದು ಯಾರ ಪರವಾಗಿ ಎಂದು ಅವನಿಗೆ ಈಗ ತಿಳಿಯಿತು. ಅವನಿಗೆ ಬಹಳ ಸಂತೋಷವಾಯಿತು. ಚಿನ್ನಿಯನ್ನು ಅವಳ ಕೈಗೆ ಕೊಟ್ಟು, "ಜೋರಾಗಿ ಹೊಡಿ," ಅಂದ.

ನೀತಿ: ಎಲ್ಲರಿಗೂ ಸೇರಿದ ಜಾಗದ ಬಗ್ಗೆ ತೀರ್ಮಾನಿಸುವಾಗ ಇನ್ನೂ ಹುಟ್ಟದವರಿಗೂ ಒಂದು ಮಣೆ ಹಾಕಬೇಕು. ನಾಳೆ ಅಲ್ಲಿ ನಡೆಯುವವರು, ಆಡುವವರು ಅವರೇ.