ಮುದಿ ಆನೆಯ ಮುಳ್ಳು

ಮರದ ತುದಿಯಲ್ಲಿ ಕೂತ ಮುಸುವ ಕೋತಿ ಮುದಿ ಆನೆಯ ಆರೈಕೆಗೆಂದು ದಿನಕ್ಕೊಂದು ಹೊಸ ಗೊರವಂಕ ಹಕ್ಕಿಯನ್ನು ಕಳಿಸುತ್ತಿತ್ತು. "ಹುಳ ಹೆಕ್ಕು, ಹೊರಡು, ಮಾತು ಬೇಡ!" ಎಂದು ಅದರ ಕಟ್ಟಪ್ಪಣೆ. ಕೊನೆಗೆ ಆನೆ ಮೇವು ಬಿಟ್ಟು ಮಲಗಿಬಿಟ್ಟಿತು.

ಅಂದು ಬಂದ ಗೊರವಂಕಕ್ಕೆ ತಡೆಯಲಾಗಲಿಲ್ಲ. "ಏನಾಯಿತಜ್ಜಿ?" ಎಂದಿತು.

"ದಿನಾ ಹೊಸಬರಿಗೆ ನೋವು ಹೇಳಿ ಹೇಳಿ ಸಾಕಾಯಿತು, ಮಗಾ. ಕಿವಿಯ ಹಿಂದಿನ ಮುಳ್ಳು ಮಾತ್ರ ಹಾಗೇ ಇದೆ."

ಗೊರವಂಕ ಕೂಡಲೇ ಮೂವರು ಜೊತೆಗಾರರನ್ನು ಕರೆತಂದಿತು. "ಇನ್ನು ಮೇಲೆ ಬರುವುದು ನಾವು ನಾಲ್ವರೇ. ಯಾರು ಏನು ಮಾಡಬೇಕೆಂದು ಅಜ್ಜಿಯನ್ನು ಕೇಳಿ ನಾವೇ ಗೊತ್ತುಮಾಡೋಣ." ನಾಲ್ಕೂ ಸೇರಿ ಮುಳ್ಳು ಕಿತ್ತವು.

ವಾರದೊಳಗೆ ಆನೆ ಎದ್ದು ಘೀಳಿಟ್ಟು, ಹಕ್ಕಿಗಳನ್ನು ಬೆನ್ನ ಮೇಲೆ ಹೊತ್ತು ಹೊಳೆಗೆ ನಡೆಯಿತು.

"ನಿಮಗೆ ಅಪ್ಪಣೆ ಕೊಟ್ಟವರು ಯಾರು?" ಮುಸುವ ಮೇಲಿಂದಲೇ ಕಿರುಚಿತು.

ಗೊರವಂಕ ಬಾಯಿ ತೆರೆಯುವ ಮೊದಲೇ ಆನೆ ಸೊಂಡಿಲೆತ್ತಿ ಹೇಳಿತು: "ಮುಳ್ಳು ಯಾರಿಗೆ ಚುಚ್ಚಿತ್ತೋ ಅವಳು!"