ಹಗೇವಿಗೆ ಇಳಿಯದ ಗೌಡರು

"ನನ್ನ ಸೀಮೆಯಲ್ಲಿ ಬೇಸಾಯದ ಕೆಲಸದಲ್ಲಿ ಸತ್ತವನು ಒಬ್ಬನೂ ಇಲ್ಲ! ಬೇರೆ ಯಾವ ದೊರೆ ಹೀಗೆ ಹೇಳಬಲ್ಲ?" ಎಂದು ಹರಗನದುರ್ಗದ ಹಿರೇಮಲ್ಲ ನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. ಊರೂರ ಗೌಡರು "ಹೌದು ಬುದ್ಧಿ, ಹೌದು" ಎಂದು ತಲೆಯಾಡಿಸಿದರು.

ಆಸ್ಥಾನದ ವಿನೋದಗಾರ ಸೋಬಯ್ಯ ಮಾತ್ರ ತಲೆಯಾಡಿಸಲಿಲ್ಲ. ಮೊನ್ನೆಯಷ್ಟೇ ಆತ ಮಾಗಳಹಟ್ಟಿಯ ಗಿರಿಯವ್ವನನ್ನು ಮಾತನಾಡಿಸಿ ಬಂದಿದ್ದ. ಜೋಳ ತೆಗೆಯಲು ಹಗೇವಿಗೆ, ಅಂದರೆ ನೆಲದೊಳಗಿನ ಕಾಳಿನ ಗುಂಡಿಗೆ, ಇಳಿದ ಆಕೆಯ ಗಂಡ ಒಳಗಿನ ಕೆಟ್ಟ ಗಾಳಿಗೆ ಉಸಿರುಕಟ್ಟಿ ಸತ್ತಿದ್ದ. ಗೌಡ ಅರಮನೆಗೆ ಹೇಳಿ ಕಳಿಸಿದ್ದು ಚಳಿಜ್ವರ ಎಂದು. "ನಾಳೆ ಅದೇ ಗುಂಡಿಗೆ ಇನ್ನೊಬ್ಬರ ಮಗನನ್ನ ಇಳಿಸ್ತಾರಪ್ಪ" ಎಂದು ಆಕೆ ಅತ್ತಿದ್ದಳು.

ಸೋಬಯ್ಯ ಎದ್ದು ಕೈಮುಗಿದ. "ಪ್ರಭು, ಇಂಥ ಗೌಡರಿಗೆ ಸನ್ಮಾನ ಆಗಲೇಬೇಕು. ಒಬ್ಬೊಬ್ಬರೂ ಒಂದು ದಿನ ತಾವೇ ಆಳಿನ ಕೆಲಸ ಮಾಡಿ ಬರಲಿ. ಬಂದವರ ತಲೆಗೆ ಪ್ರಭುಗಳೇ ಜರತಾರಿ ರುಮಾಲು ಸುತ್ತಲಿ."

ದೊರೆಗೆ ಖುಷಿಯೋ ಖುಷಿ. "ಹಾಗೇ ಆಗಲಿ! ಕೆಲಸ ನೀನೇ ಹಂಚು."

"ಮಾಗಳಹಟ್ಟಿ ಗೌಡರೇ, ನೀವು ನಿಮ್ಮೂರ ಹಗೇವಿನ ಬಾಯಿ ತೆಗೆದು ಕೂಡಲೇ ಒಳಗಿಳಿಯಿರಿ."

ಗೌಡನ ಮುಖ ಬಿಳಿಚಿತು. "ಅಯ್ಯಯ್ಯೋ, ಅದರೊಳಗೇ? ಗಿರಿಯವ್ವನ ಗಂಡ ಸತ್ತದ್ದು ಅಲ್ಲೇ ಅಲ್ಲವೇ!"

"ಚಳಿಜ್ವರ ಅಂದಿದ್ದಿರಿ?"

ಗೌಡ ಪಕ್ಕದವನ ಬೆನ್ನ ಹಿಂದೆ ಸರಿದ.

"ಹೋಗಲಿ. ಹೊಸಕೇರಿ ಗೌಡರು ತೋಟದ ಬಾವಿಗಿಳಿದು ಹೂಳೆತ್ತಲಿ."

"ಬೇಡಪ್ಪಾ! ಹೋದ ಬೇಸಿಗೆಯಲ್ಲಿ ಅದರ ದಂಡೆ ಕುಸಿದೇ ಅಣ್ಣತಮ್ಮಂದಿರಿಬ್ಬರು ಮಣ್ಣಾದದ್ದು!"

ಪಕ್ಕದ ಗೌಡ ತನ್ನ ಸರದಿ ಬರುವ ಮೊದಲೇ ಕೂಗಿಕೊಂಡ: "ನಮ್ಮೂರ ಇಳಿಜಾರಿನಲ್ಲಿ ಬಂಡಿ ಮಗುಚಿ ಸತ್ತವನ ಹೆಸರು ಈಗಲೇ ಹೇಳಿಬಿಡ್ತೀನಿ, ನನ್ನನ್ನ ಮಾತ್ರ ಅದರ ಮೇಲೆ ಹತ್ತಿಸಬೇಡಿ!"

ಸಭೆ ಗೊಳ್ಳೆಂದಿತು. ದೊರೆ ಕೆಂಡಾಮಂಡಲವಾದ. "ಇಷ್ಟು ದಿನ ಯಾಕೆ ಮುಚ್ಚಿಟ್ಟಿರಿ?"

"ಕೆಲಸದಲ್ಲಿ ಸಾವಾಯಿತು ಅಂದ ಗೌಡನಿಗೆ ತಾವು ಛಡಿಯೇಟು ಕೊಡಿಸ್ತೀರಲ್ಲ, ಬುದ್ಧಿ" ಎಂದ ಮಾಗಳಹಟ್ಟಿ ಗೌಡ, ನೆಲ ನೋಡುತ್ತ.

"ಸುಳ್ಳರಾ! ಎಲ್ಲರಿಗೂ ಈಗಲೇ ಛಡಿಯೇಟು!" ಎಂದು ದೊರೆ ಗುಡುಗಿದ.

"ಕೊಡಿಸಿ ಪ್ರಭು" ಎಂದ ಸೋಬಯ್ಯ ತಣ್ಣಗೆ. "ಮುಂದಿನ ವರ್ಷ ಹೊಲದಲ್ಲಿ ಮತ್ತೆ ಒಬ್ಬನೂ ಸಾಯುವುದಿಲ್ಲ. ಚಳಿಜ್ವರ ಮಾತ್ರ ಸ್ವಲ್ಪ ಜಾಸ್ತಿಯಾದೀತು."

ದೊರೆ ಒಂದು ಗಳಿಗೆ ಗುರುಗುಟ್ಟಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ.

ಛಡಿಯೇಟು ಅಂದಿಗೇ ನಿಂತಿತು. ಹಗೇವು ತೆಗೆದ ದಿನ ಯಾರೂ ಇಳಿಯಕೂಡದು, ಮರುದಿನವೂ ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು ಎಂದು ಡಂಗುರ ಹೊಡೆಸಿದರು. ಗಿರಿಯವ್ವನ ಮನೆಗೆ ಅರಮನೆಯಿಂದ ಬಂಡಿ ತುಂಬ ಜೋಳ ಹೋಯಿತು.

ಸೋಬಯ್ಯನಿಗೆ ದೊರೆ ತನ್ನ ಸವಾರಿಯ ಕುದುರೆಯನ್ನೇ ಕೊಟ್ಟ. "ಊರೂರು ಸುತ್ತಿ ನಿಜ ತಿಳಿದುಕೊಂಡು ಬಾ" ಎಂದ. "ಗೌಡರನ್ನು ಕೇಳಬೇಡ, ಸತ್ತವರ ಮನೆಯವರನ್ನು ಕೇಳು."