ಇಳಿದ ಮುಳ್ಳು

ಹೊಳೆ ದಂಡೆಯ ಆಶ್ರಮದಲ್ಲಿ ಅಡಿವೆಪ್ಪನೆಂಬ ಶಿಷ್ಯನಿದ್ದ. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಆಶ್ರಮದ ಮೋಟಾರು ದೋಣಿಯಲ್ಲಿ ಜನರನ್ನು ದಾಟಿಸುವುದೆಂದರೆ ಅವನಿಗೆ ಪ್ರಾಣ. ಆದರೆ ಅವನ ಬೈಗುಳ ತಾಳಲಾರದೆ ಅರ್ಧ ಊರು ದೋಣಿ ಹತ್ತುವುದನ್ನೇ ಬಿಟ್ಟಿತು.

ಗುರು ನೀಲಗಂಗವ್ವ ಅವನ ಕೈಯಿಂದ ದೋಣಿ ಕಸಿದುಕೊಂಡು, "ತಿಂಗಳೊಪ್ಪತ್ತು ಮೌನ ಹಿಡಿ" ಎಂದರು.

ಮೌನ ಮುಗಿದದ್ದೇ ತಡ, ಅವನು ಕುಣಿಯುತ್ತ ಬಂದ.

"ಅವ್ವಾರ, ಸಿಟ್ಟು ಪೂರಾ ಹೋಗೇತ್ರಿ. ದೋಣಿ ಕೊಡ್ರಿ."

ಅವ್ವ ಆಗಷ್ಟೇ ದೋಣಿಯ ಬ್ಯಾಟರಿಯನ್ನು ಚಾರ್ಜರಿನಿಂದ ಬಿಡಿಸುತ್ತಿದ್ದರು. "ಇದರ ಮೀಟರ್ ನೋಡು."

"ಫುಲ್ ಐತ್ರಿ!"

"ಚಾರ್ಜಿನಿಂದ ಇಳಿದ ಗಳಿಗ್ಯಾಗ ಎಲ್ಲಾ ಬ್ಯಾಟರಿನೂ ಫುಲ್ಲೇ. ಆರಾಮ ಕೂಡ್ಲಿ, ನಾಳೆ ನೋಡೋಣು."

ತನ್ನನ್ನೂ ಸೇರಿಸಿಯೇ ಅಂದರೆಂದು ಅಡಿವೆಪ್ಪನಿಗೆ ಗೊತ್ತಾಯಿತು. ಮುಖ ಸಪ್ಪಗಾಯಿತು, ಪಾಪ.

ಮರುದಿನ ಅವ್ವ ಕಿಟಕಿಗಳನ್ನೆಲ್ಲ ತೆರೆಸಿದರು. ಕಿಡಿ ಹಾರೀತೆಂದು ಅವನ ತಾಮ್ರದ ಕಡಗ ಬಿಚ್ಚಿಸಿ, ಕಣ್ಣಿಗೆ ಕನ್ನಡಕ ಹಾಕಿಸಿದರು. ಸ್ವಿಚ್ ಆರಿಸಿಟ್ಟೇ ಬ್ಯಾಟರಿಗೆ ದೊಡ್ಡ ಬಲ್ಬುಗಳ ಸಾಲು ಜೋಡಿಸಿ, ಆಮೇಲೆ ಸ್ವಿಚ್ ಒತ್ತಿದರು.

ಬಲ್ಬುಗಳು ಝಗ್ಗೆಂದವು. ಮೀಟರಿನ ಮುಳ್ಳು ಸರ್ರನೆ ಇಳಿದು, ಕೆಂಪು ಗೆರೆಗಿಂತ ಮೇಲೆಯೇ ನಿಂತಿತು.

"ಪೂರ್ತಿ ಖಾಲಿ ಆಗೋತನ ಬಿಡೋಣೇನ್ರಿ?"

"ಪರೀಕ್ಷೆ ಮಾಡಾಕ ಕುಂತೇವಿ, ಕೊಲ್ಲಾಕಲ್ಲ. ಮುಳ್ಳು ಕೆಂಪು ಗೆರಿ ಮುಟ್ಟಲಿಲ್ಲ, ಬ್ಯಾಟರಿ ಗಟ್ಟಿ ಐತಿ." ಅವ್ವ ಮೊದಲು ಸ್ವಿಚ್ ಆರಿಸಿದರು, ಆಮೇಲೆ ವಯರ್ ಬಿಚ್ಚಿದರು. "ಹೊತ್ಕೊಂಡು ಹೋಗು. ಇವತ್ತೊಂದು ಸಲ ದಾಟಿಸಿ ಬಾ, ನಿನ್ನೂ ನೋಡೋಣು."

ದಂಡೆಯಲ್ಲಿ ಕಾದಿದ್ದವಳು ಗಡಿಗೆವ್ವ, ಮೂರು ಆಡುಗಳ ಜೊತೆ. ನಡುಹೊಳೆಯಲ್ಲಿ ಒಂದು ಆಡು ಅಡಿವೆಪ್ಪನ ಟವೆಲ್ ಜಗಿಯಿತು. ಇನ್ನೊಂದು ಅವನ ಪಾದದ ಮೇಲೆಯೇ ಹಿಕ್ಕೆ ಹಾಕಿತು.

ತಲೆ ತಗ್ಗಿಸಿಕೊಂಡು ಮರಳಿದ. ದೋಣಿ ಇನ್ನು ಕೈತಪ್ಪಿತೆಂದು ಕಣ್ಣಲ್ಲಿ ನೀರು.

"ಅವ್ವಾರ, ಸಿಟ್ಟು ಬಂತ್ರಿ."

"ಎಷ್ಟು ಬಂತು?"

"'ಏ ಗಡಿಗೆವ್ವಾ!' ಅಂತ ಒದರಿಬಿಟ್ಟೆ. ಮುಂದಿನ ಮಾತು ಬಾಯಿತನ ಬಂದಿತ್ತು, ನುಂಗಿದೆ. ಆಮೇಲೆ ಆಡಿನ ಮಾರಿ ನೋಡಿ ನಗು ಬಂತ್ರಿ, ಆಕಿನೂ ನಕ್ಕಳು. ನಾಳೆನೂ ನನ್ನ ದೋಣ್ಯಾಗ ಬರ್ತಾಳಂತ. ಆದ್ರ ಸಿಟ್ಟು ಬಂದದ್ದು ಬಂತಲ್ರಿ!"

ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ದೋಣಿಯ ಕೀಲಿಯನ್ನು ಅವನ ಕೈಗೆ ಹಾಕಿದರು.

"ಭಾರ ಬಿದ್ದಾಗ ಮುಳ್ಳು ಇಳೀಬೇಕೋ ಹುಚ್ಚಾ. ಒಂಚೂರೂ ಇಳೀಲಿಲ್ಲಂದ್ರ, ವಯರೇ ಜೋಡಿಸಿಲ್ಲಂತ ತಿಳಿ."